ಜನ ಕಡಿಮೆ ಎಂದು ಸ್ಟೇಷನ್ ಮುಚ್ಚುವುದೇ?

ಸಂಪಾದಕರೇ,

ಪ್ರಯಾಣಿಕರು ಕಡಿಮೆ ಎಂಬ ಒಂದೇ ಕಾರಣಕ್ಕೆ ಹಳ್ಳಿಯ ಸಣ್ಣ ಸ್ಟೇಷನ್ ಮುಚ್ಚುವುದು ಸರಿಯಲ್ಲ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಊರು ವಿಜಯಪುರದ ಕಡೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ರೈಲು ನಿಂತಾಗ ನಮ್ಮೂರ ಸ್ಟೇಷನ್ನಿಗೂ ಬೀಗ ಬಿತ್ತು. ಆಮೇಲೆ ರೈಲು ಶುರುವಾದವು, ನಮ್ಮಲ್ಲಿ ಮಾತ್ರ ನಿಲ್ಲುತ್ತಿಲ್ಲ. ಜಾತ್ರೆಗೆ ಹೋದಾಗ ನೋಡಿದೆ, ಟಿಕೆಟ್ ಕಿಟಕಿಗೆ ತಗಡು ಹೊಡೆದಿದ್ದಾರೆ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಯಾರೋ ಜೋಳದ ಕಣಿಕೆ ಒಟ್ಟಿದ್ದಾರೆ. ಎಪ್ಪತ್ತು ದಾಟಿದ ನಮ್ಮವ್ವ ಈಗ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಇಳಿದು, ಗಂಟು ಹೊತ್ತುಕೊಂಡು, ಟಂಟಂ ಆಟೋಗೆ ಕಾದು ಊರು ಸೇರಬೇಕು.

ಜನ ಸುಮ್ನೆ ಕಡಿಮೆಯಾಗಲಿಲ್ಲ. ಕಾಲೇಜಿಗೆ, ಸಂತೆಗೆ ಹೋಗುವ ಹೊತ್ತಿಗೆ ಗಾಡಿಯೇ ಇರಲಿಲ್ಲ. ಗಾಡಿ ಇಲ್ಲದ ಕಡೆ ಜನ ಯಾಕೆ ಬರುತ್ತಾರೆ ಅಲ್ವಾ?

ಖರ್ಚು ಜಾಸ್ತಿ ಎನ್ನುವುದಾದರೆ ಸ್ಟೇಷನ್ ಮಾಸ್ಟರ್ ಬೇಡ. ಹಾಲ್ಟ್ ಎನ್ನುವ ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಊರಿನವರೇ ಕಮಿಷನ್ ಮೇಲೆ ಟಿಕೆಟ್ ಮಾರುತ್ತಾರೆ, ಜನರಲ್ ಟಿಕೆಟ್ ಮೊಬೈಲ್‌ನಲ್ಲೂ ಸಿಗುತ್ತದೆ. ಇಲ್ಲಿಯೂ ಹಾಗೆಯೇ ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಗಾಡಿಯನ್ನು ಒಂದೇ ನಿಮಿಷ ನಿಲ್ಲಿಸಲಿ. ಆರು ತಿಂಗಳು ನಡೆಸಿ ನೋಡಿ, ಆಮೇಲೆ ಲೆಕ್ಕ ಹಾಕಲಿ.

– ಓದುಗ, ಡೊಂಬಿವಲಿ ಪೂರ್ವ