ಮಕ್ಕಳ ಗೆಳೆತನ ಮತ್ತು ತಂಬಾಕು: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬನ ಜಾಮೆಟ್ರಿ ಬಾಕ್ಸಿನಲ್ಲಿ ಎರಡು ಸಣ್ಣ ಪ್ಯಾಕೆಟ್ ಸಿಕ್ಕವು. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. 2013ರಲ್ಲಿ ಗುಟ್ಕಾ ನಿಷೇಧ ಆಯ್ತು, ನಿಜ. ಈಗ ಎರಡನ್ನೂ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ, ಅಷ್ಟೇ. ವಿಚಾರಿಸಿದಾಗ ಗೊತ್ತಾಯಿತು: ಪ್ಯಾಕೆಟ್ ತಂದವನು ಒಬ್ಬ, ದುಡ್ಡು ಹಾಕಿದವನು ಇನ್ನೊಬ್ಬ, ವಾಸನೆ ಬಾರದಿರಲಿ ಅಂತ ಪೆಪ್ಪರಮೆಂಟು ಹೊಂದಿಸಿದವನು ಮತ್ತೊಬ್ಬ.

ಮೂವರ ಮನೆಯವರನ್ನೂ ಕರೆಸಿದೆ. ಮೂವರೂ ಹೇಳಿದ್ದು ಒಂದೇ ಮಾತು: "ನಮ್ಮ ಹುಡುಗ ಒಳ್ಳೆಯವನೇ ಸಾರ್, ಸಹವಾಸ ದೋಷ." ಎಲ್ಲರೂ ಹೀಗಂದರೆ ಆ ದೋಷವನ್ನು ಯಾರ ಮನೆಗೆ ಕಳಿಸಲಿ?

ಸಹವಾಸದ ಮಾತು ಸುಳ್ಳಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದಲ್ಲಿದ್ದ 12,067 ಜನರ ಸಂಬಂಧ, ಸ್ನೇಹಗಳನ್ನು 1971ರಿಂದ 2003ರವರೆಗೆ ಜೋಡಿಸಿ ನೋಡಿದ್ದಾರೆ. ಒಬ್ಬ ಸ್ನೇಹಿತ ಸಿಗರೇಟು ಬಿಟ್ಟರೆ ಇನ್ನೊಬ್ಬ ಸೇದುವ ಸಾಧ್ಯತೆ ಶೇ. 36ರಷ್ಟು ಇಳಿದಿತ್ತು. ಗಂಡನೋ ಹೆಂಡತಿಯೋ ಬಿಟ್ಟರೆ ಶೇ. 67. ಜನ ಬಿಟ್ಟಿದ್ದು ಗುಂಪು ಗುಂಪಾಗಿ. ಬಿಡದವರು ಮಾತ್ರ ಬರಬರುತ್ತಾ ಬೇರೆಯವರಿಂದ ದೂರವಾಗಿ ಅಂಚಿಗೆ ಸರಿದರು.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಗೆಳೆಯರಿಂದ ಚಟ ಬರುವ ಹಾಗೆ, ಚಟದಿಂದಲೂ ಗೆಳೆಯರು ಬದಲಾಗುತ್ತಾರೆ. ಊಟದ ಬಿಡುವಿನಲ್ಲಿ ಕಾಂಪೌಂಡಿನ ಹಿಂದೆ ಹೋಗುವವರ ಜೊತೆ ಉಳಿದವರು ಆಟಕ್ಕೆ ಸೇರುವುದು ಕಡಿಮೆಯಾಗುತ್ತದೆ. ಆಗ ಅವರಿಗೆ ಅವರೇ ಗತಿ. ಹಾಗಾಗಿ "ಅವನ ಜೊತೆ ಸೇರಬೇಡ" ಅಂತ ಗದರಿಸಿ ಸುಮ್ನೆ ಆಗಬೇಡಿ. ಒಬ್ಬನನ್ನು ದೂರ ಮಾಡಿದರೆ ಅವನು ಇನ್ನೂ ಜಾಸ್ತಿ ಅಗಿಯುವವರ ಹತ್ತಿರ ಹೋಗುತ್ತಾನೆ. ಮೂವರನ್ನೂ ಒಟ್ಟಿಗೆ ಬಿಡಿಸುವುದೇ ಸುಲಭ ಅಂತ ನನಗನ್ನಿಸುತ್ತದೆ. ಅವರನ್ನು ಒಂದೇ ಕಬಡ್ಡಿ ತಂಡಕ್ಕೆ ಹಾಕಿದ್ದೇವೆ.

ರೀಲ್ಸ್‌ನಲ್ಲಿ ಹೊಗೆ ಬಿಡುವವರನ್ನೂ ಮಕ್ಕಳು ನೋಡುತ್ತಾರೆ. ಇ-ಸಿಗರೇಟು 2019ರಿಂದಲೇ ದೇಶದಲ್ಲಿ ನಿಷೇಧ ಅಂತ ಹೇಳಿಬಿಡಿ.

ಇನ್ನು ಮನೆಯ ವಿಷಯ. "ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ತಗೊಂಡು ಬಾ" ಅಂತ ಮಕ್ಕಳನ್ನು ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವ ಹಾಗಿಲ್ಲ, ಶಾಲೆಯ 100 ಮೀಟರ್ ಒಳಗಂತೂ ಯಾರಿಗೂ ಮಾರುವ ಹಾಗಿಲ್ಲ. ನಮ್ಮ ಗೇಟಿನ ಎದುರಿನ ಗೂಡಂಗಡಿಯವರ ಜೊತೆ ನಾನು ಮಾತಾಡುತ್ತೇನೆ. ಮನೆಯಲ್ಲಿ ನೀವು ನೋಡಿಕೊಳ್ಳಿ.

ಬಿಡಬೇಕು ಅಂತಿರುವ ಅಪ್ಪಂದಿರು, ಅಜ್ಜಂದಿರು 1800-112-356ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ, 12 ಗಂಟೆಗೆ ಪೋಷಕರ ಸಭೆ ಇದೆ. ಪ್ರತಿ ಸಲದಂತೆ ಅಮ್ಮಂದಿರನ್ನಷ್ಟೇ ಕಳಿಸಬೇಡಿ. ಅಪ್ಪಂದಿರೂ ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು