ಕೊಳವೆಬಾವಿಯ ನೀರು ಏರಿದ್ದು ಯಾವುದರಿಂದ?

ಮಾನ್ಯರೇ,

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಈಗ ಅಲ್ಲಿ ಅಂತರ್ಜಲ ಏರಿದರೆ ಕೀರ್ತಿಯೆಲ್ಲ ಯೋಜನೆಗೇ. ಆದರೆ 2021ರ ನವೆಂಬರ್ ಮಳೆಗೆ ಜಿಲ್ಲೆಯಲ್ಲಿ ಕೆರೆಗಳು ಸಾಲುಸಾಲಾಗಿ ಕೋಡಿ ಹರಿದದ್ದನ್ನು ಯಾವ ಲೆಕ್ಕಕ್ಕೆ ಬರೆಯೋಣ?

'ಆಗ–ಈಗ' ಹೋಲಿಕೆ ಇಲ್ಲಿ ಸಾಲದು. ನೀರು ಪಡೆದ ಕೆರೆಯ ಸುತ್ತಲ ಬಾವಿಗಳಿಗೆ, ಅದೇ ಬಗೆಯ ಕಲ್ಲು, ಅಷ್ಟೇ ಮಳೆ ಇದ್ದೂ ಯೋಜನೆಯ ನೀರು ಕಾಣದ ಕೆರೆಯ ಬಾವಿಗಳನ್ನು ಜೋಡಿ ಮಾಡಬೇಕು. ಮೊದಲ ಕಡೆ 40 ಅಡಿ, ಎರಡನೇ ಕಡೆ 25 ಅಡಿ ಏರಿತೆನ್ನಿ. ಯೋಜನೆಯ ಪಾಲು 15 ಅಡಿ ಮಾತ್ರ. ಅದೂ 2018ಕ್ಕೆ ಮುಂಚೆ ಎರಡೂ ಕಡೆ ಮಟ್ಟ ಒಂದೇ ಗತಿಯಲ್ಲಿ ಇಳಿಯುತ್ತಿದ್ದರೆ. ಹೋಲಿಕೆಗೆ ಅದೇ ಸರಣಿಯ ಕೆಳಗಿನ ಕೆರೆ ಹಿಡಿದರೆ ಲೆಕ್ಕ ಕೆಟ್ಟಿತು: ಮೇಲಿನ ಕೆರೆಯ ನೀರು ಅಲ್ಲಿಗೂ ಜಿನುಗಿ, ಪರಿಣಾಮ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಅಳತೆಯೂ ಸಸಾರವಲ್ಲ. ಪಂಪು ಓಡುವಾಗ ಅಳೆದ ಮಟ್ಟ ಕೆಲಸಕ್ಕೆ ಬಾರದು. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಟೇಪು ಇಳಿಸಬೇಕು. ಮೇ ಕೊನೆಗೊಮ್ಮೆ, ನವೆಂಬರ್‌ನಲ್ಲೊಮ್ಮೆ, ಅದೇ ಬಾವಿಗಳಲ್ಲಿ. ಕಗ್ಗಲ್ಲಿನ ಬಿರುಕಿಗೆ ಸ್ವಲ್ಪ ನೀರು ಸೇರಿದರೂ ಮಟ್ಟ ಜಿಗಿಯುತ್ತದೆ, ಅದನ್ನು ನೀರಿನ ಪ್ರಮಾಣವೆಂದು ತಿಳಿಯಬಾರದು. ಇನ್ನೊಂದು, ನೀರು ಬಂತೆಂದು ರಾಗಿ ಬಿಟ್ಟು ಟೊಮೆಟೊ ಹಾಕಿದರೆ ಎತ್ತುವ ನೀರೂ ಹೆಚ್ಚುತ್ತದೆ. ಹಾಗಾಗಿ ಮಟ್ಟದ ಜೊತೆ ಬೆಳೆ ವಿಸ್ತೀರ್ಣವನ್ನೂ, ಕೊಳಚೆ ನೀರಿನಿಂದ ಸೇರಬಹುದಾದ ನೈಟ್ರೇಟ್ ಲವಣದ ಪ್ರಮಾಣವನ್ನೂ ಅದೇ ಜೋಡಿ ಬಾವಿಗಳಲ್ಲಿ ದಾಖಲಿಸಿ, ಊರುವಾರು ಪ್ರಕಟಿಸಲಿ.

– ಓದುಗರು, ಕೋಲಾರ