ತಿಪಟೂರಿನವರಿಗೆ ಹೀಗೆ ಹೇಳು

ಲೆಸ್ಟರ್, ಇಂಗ್ಲೆಂಡ್, ಭಾನುವಾರ

ಅಮ್ಮಾ, ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿನೋವು ಕಮ್ಮಿ ಆಯ್ತಾ?

ಚಟ್ನಿಪುಡಿ ಡಬ್ಬದ ಜೊತೆ ನಿನ್ನ ಕಾಗದ ಸಿಕ್ಕಿತು. ಫೋನಿನಲ್ಲಿ ಹೇಳಲು ಹೋದರೆ ನೀನು ಅರ್ಧಕ್ಕೇ ಅಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ತಿಪಟೂರಿನವರಿಗೆ ಹುಡುಗಿ ಒಪ್ಪಿಗೆಯಂತೆ, ಆದರೆ ಎಕ್ಸ್‌ರೇ ಕೆಲಸ ಮಾಡುವವಳಿಗೆ ಮುಂದೆ ಮಕ್ಕಳಾಗುತ್ತಾ ಅಂತ ಅನುಮಾನವಂತೆ. ಶಾರದತ್ತೆ ಬೇರೆ ಹೂಂಗುಟ್ಟಿ, ನರ್ಸಿಂಗಾದರೂ ಓದಿಸಬಹುದಿತ್ತು ಅಂದರಂತೆ. ಇರಲಿ.

ಕೇಳು. ಎಕ್ಸ್‌ರೇ ಮೆಷಿನ್ ನಮ್ಮ ನಡುಮನೆ ಬಲ್ಬಿನ ಹಾಗೆ. ಒತ್ತಿದಾಗ ಕಿರಣ, ಆರಿದ ಮೇಲೆ ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಒತ್ತುವಾಗಲೂ ನಾನು ಸೀಸ ಬೆರೆಸಿದ ಗಾಜಿನ ಹಿಂದೆ ನಿಂತಿರುತ್ತೇನೆ. ಫೋಟೋದಲ್ಲಿ ಅಂಗಿಗೆ ಸಿಕ್ಕಿಸಿದ ಬ್ಯಾಜು ನೋಡಿ ಬಸ್ ಪಾಸಾ ಅಂತ ಕೇಳಿದ್ದೆಯಲ್ಲ, ಮೈಮೇಲೆ ಎಷ್ಟು ಬಿತ್ತು ಅಂತ ಲೆಕ್ಕ ಇಡುವುದು ಅದೇ. ಕಾನೂನಿನ ಮಿತಿ ವರ್ಷಕ್ಕೆ 20 ಮಿಲಿಸೀವರ್ಟ್, ಮೈಗೆ ಬಿದ್ದ ಕಿರಣವನ್ನು ಅಳೆಯುವ ಲೆಕ್ಕ ಅದು. ನನ್ನದು ಹೋದ ವರ್ಷ ಪೂರ್ತಿ ಸೊನ್ನೆ ಅಂತಲೇ ಬಂದಿದೆ. ಈ ದೇಶದಲ್ಲಿ ಮನೆಯಲ್ಲಿ ಸುಮ್ನೆ ಕೂತವರಿಗೂ ನೆಲ, ಆಕಾಶ, ತಿನ್ನುವ ಬ್ರೆಡ್ಡು ಎಲ್ಲದರಿಂದ ವರ್ಷಕ್ಕೆ ಸರಾಸರಿ 2 ಮಿಲಿಸೀವರ್ಟ್‌ಗಿಂತ ಜಾಸ್ತಿ ಬೀಳುತ್ತದೆ! ವಾರದಲ್ಲಿ ಎರಡು ದಿನ ನಾನು ಎಂಆರ್‌ಐನಲ್ಲಿ. ಅಲ್ಲಿ ಎಕ್ಸ್‌ರೇನೇ ಇಲ್ಲ, ಅಯಸ್ಕಾಂತ. ತಲೆಪಿನ್ನು ತೆಗೆದಿಟ್ಟು ಹೋದರಾಯಿತು.

ನಮ್ಮಲ್ಲೇ ಕೇರಳದವಳೊಬ್ಬಳು ಏಳು ತಿಂಗಳಾಗುವವರೆಗೂ ಡ್ಯೂಟಿಗೆ ಬಂದಳು. ಬಸುರಿ ಅಂತ ಬರೆದುಕೊಟ್ಟ ಮೇಲೆ, ಹೆರಿಗೆಯವರೆಗೆ ಹೊಟ್ಟೆಯ ಮಗುವಿಗೆ 1 ಮಿಲಿಸೀವರ್ಟ್ ದಾಟದ ಹಾಗೆ ಕೆಲಸ ಕೊಡಬೇಕು, ಅದು ನಿಯಮ. ಅವಳ ಮಗ ಈಗ ಮನೆಯ ಗಾಜೆಲ್ಲ ಒಡೆಯುತ್ತಿದ್ದಾನೆ. ಹಳೇ ಕಾಲದಲ್ಲಿ ಮೆಷಿನ್ ಸರಿಯಿದೆಯಾ ಅಂತ ತಮ್ಮ ಕೈಯನ್ನೇ ಅಡ್ಡ ಹಿಡಿದು ನೋಡಿ ಬೆರಳು ಕಳಕೊಂಡವರು ಇದ್ದರು, ನಿಜ. ಅದನ್ನು ತಿಪಟೂರಿನವರಿಗೆ ಹೇಳಬೇಡ.

ಇನ್ನೊಂದು. ‘ಬರೀ ಫೋಟೋ ತೆಗೆಯುವ ಕೆಲಸ ತಾನೇ’ ಅಂದರಂತಲ್ಲ, ಅದು ಜಾಸ್ತಿ ಉರಿಯಿತು. ಮೊನ್ನೆ ರಾತ್ರಿ ಬಿದ್ದು ಸೊಂಟ ಮುರಿದ ಅಜ್ಜಿಯೊಬ್ಬರು ಬಂದರು. ಎಷ್ಟೇ ನೋವಿರಲಿ, ಹೆಸರು, ಹುಟ್ಟಿದ ದಿನ, ವಿಳಾಸ ಮೂರೂ ಅವರ ಬಾಯಿಂದಲೇ ಬರಬೇಕು. ಕಾಲು ಮುಟ್ಟಿದರೆ ಚೀರುತ್ತಿದ್ದರು. ಹೊರಳಿಸುವ ಹಾಗಿಲ್ಲ. ಟ್ರಾಲಿಯಲ್ಲೇ ಬಿಟ್ಟು, ಒಳ್ಳೆಯ ಕಾಲನ್ನು ಮೇಲೆತ್ತಿ ಆನಿಸಿ, ಕಿರಣ ಬರುವ ಟ್ಯೂಬನ್ನು ಅಡ್ಡ ತಿರುಗಿಸಿ ಪಕ್ಕದಿಂದ ತೆಗೆದೆ. ಹೊಂದಿಸಲು ಕಾಲು ಗಂಟೆ, ಒತ್ತಲು ಅರೆಕ್ಷಣ. ಮುರಿದ ಗೆರೆ ಚೊಕ್ಕವಾಗಿ ಕಂಡಿತು. ಹೋಗುವಾಗ ಅಜ್ಜಿ ನನ್ನ ಕೈ ಹಿಡಿದು ‘ಎಷ್ಟು ತಣ್ಣಗಿದೆ, ಮಿ ಡಕ್’ ಅಂದರು. ನನ್ನ ಬಾತುಕೋಳಿ ಅಂತ! ಈ ಊರಿನವರು ಬಸ್ ಡ್ರೈವರಿಗೂ ಹಾಗೇ ಅನ್ನುತ್ತಾರೆ. ನಮ್ಮ ‘ಪುಟ್ಟಿ’ ಇದ್ದ ಹಾಗೆ, ಗಾಬರಿ ಬೀಳಬೇಡ.

ಹುಡುಗನಿಗೇ ನನ್ನ ನಂಬರ್ ಕೊಡು, ನೇರವಾಗಿ ಕೇಳಲಿ. ಆಮೇಲೂ ಅನುಮಾನ ಇದ್ದರೆ ಬಿಟ್ಟುಬಿಡು. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಸ್ವೆಟರ್ ಹಾಕುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತೆ, ಕೂದಲೂ ಉದುರುತ್ತಿಲ್ಲ. ಅಪ್ಪ ಹೆದರಿಕೊಂಡು ಮಂಡಿ ಎಕ್ಸ್‌ರೇ ಮುಂದೂಡುತ್ತಿದ್ದಾರೆ ಅಂತ ತಮ್ಮ ಹೇಳಿದ. ಈ ವಾರ ಕರಕೊಂಡು ಹೋಗು. ಬಸ್ಸಿಗೆ ಹೊತ್ತಾಯಿತು.

ಇಂತಿ,
ಪುಟ್ಟಿ